ಯೂನಿಯನ್ ಎಲೆಕ್ಷನ್ನೇ ಇಲ್ಲದ ಕ್ಯಾಂಪಸ್ಸಿನಲ್ಲಿ ಎಲ್ಲಿಗೆ ನಿಲ್ಲೋದು?

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಹಳ್ಳಿಯವಳು. ನಮ್ಮ ಕಡೆಯದೇ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಎಂ.ಕಾಂ. ಮೊದಲ ವರ್ಷ ಓದುತ್ತಿದ್ದೇನೆ. ಡಿಗ್ರಿ ಆದ ಮೇಲೆ ಎರಡು ವರ್ಷ ಮನೆಯಲ್ಲೇ ಇದ್ದೆ, ಈಗ ನನಗೆ 24. ವಿದ್ಯಾರ್ಥಿ ಸಂಘದ ಚುನಾವಣೆ ಮತ್ತೆ ಬರುತ್ತೆ ಅಂತ ಎಲ್ಲರೂ ಮಾತಾಡುತ್ತಿದ್ದಾರೆ. ನನಗೆ ನಿಲ್ಲುವ ಆಸೆ. ಆದರೆ ಸೀನಿಯರ್‌ಗಳು "ಜಾತಿ, ದುಡ್ಡು, ಪಾರ್ಟಿ, ಈ ಮೂರರಲ್ಲಿ ಎರಡಾದರೂ ಇರಬೇಕು" ಅನ್ನುತ್ತಾರೆ. ಮೊದಲ ಸೆಮಿಸ್ಟರಿನ ಒಂದು ಪೇಪರ್ ಉಳಿದಿದೆ. ಅಪ್ಪ ಬೇರೆ "ಪೊಲೀಸ್ ಕೇಸ್ ಆದರೆ ನೌಕರಿ ಹೋಯ್ತು ತಗೋ" ಅಂತ ಹೆದರುತ್ತಾರೆ. ನಾನು ಎಲ್ಲಿಂದ ಶುರು ಮಾಡಲಿ? ದಯವಿಟ್ಟು ವಿವಿ ಹೆಸರು ಹಾಕಬೇಡಿ.

ಉತ್ತರ:

ಹೆಸರು ಹಾಕುವುದಿಲ್ಲ, ಚಿಂತೆ ಬಿಡಿ. ಬಳ್ಳಾರಿಯಾಗಲಿ, ರಾಯಚೂರಾಗಲಿ, ಕೊಪ್ಪಳವಾಗಲಿ, ಈ ವಿಷಯದಲ್ಲಿ ಕತೆ ಹೆಚ್ಚುಕಮ್ಮಿ ಒಂದೇ.

ಮೊದಲು ಕಹಿ ಮಾತು ಹೇಳಿಬಿಡುತ್ತೇನೆ. ನೀವು ನಿಲ್ಲಬೇಕು ಅಂದುಕೊಂಡಿರುವ ಚುನಾವಣೆ ಸದ್ಯಕ್ಕೆ ಇಲ್ಲ. ಕರ್ನಾಟಕದಲ್ಲಿ ಯೂನಿಯನ್ ಎಲೆಕ್ಷನ್ ನಿಂತದ್ದು 1989ರ ಹೊತ್ತಿಗೆ. ಕ್ಯಾಂಪಸ್ಸಿನಲ್ಲಿ ಹೊಡೆದಾಟ, ಗುಂಪುಗಾರಿಕೆ ಜಾಸ್ತಿಯಾಯಿತು ಅಂತ ಸರ್ಕಾರ ಬಾಗಿಲು ಹಾಕಿತು. ಅವತ್ತಿನಿಂದ ಬಂದ ಸರ್ಕಾರಗಳಲ್ಲಿ ಎಷ್ಟೋ ಮಂತ್ರಿಗಳು ತಾವು ಕಾಲೇಜು ಎಲೆಕ್ಷನ್ನಿನಿಂದಲೇ ಬೆಳೆದವರು. ವೇದಿಕೆ ಸಿಕ್ಕರೆ ಆ ದಿನಗಳನ್ನು ನೆನೆಯುತ್ತಾರೆ. ಮತ್ತೆ ತರುತ್ತೇವೆ ಅಂತ ಆಗಾಗ ಹೇಳುತ್ತಾರೆ. ಈಚೆಗೂ ಆ ಮಾತು ಎದ್ದಿದೆ. ಆದರೆ ಸುದ್ದಿ ಬೇರೆ, ಆದೇಶ ಬೇರೆ. ಆದೇಶ ಬಂದ ದಿನ ನಿಮ್ಮ ರಿಜಿಸ್ಟ್ರಾರ್ ಕಚೇರಿಯ ನೋಟಿಸ್ ಬೋರ್ಡಿನಲ್ಲಿ ಸುತ್ತೋಲೆ ಇರುತ್ತದೆ. ಅಲ್ಲಿಯತನಕ ವಾಟ್ಸಾಪಿನಲ್ಲಿ ಬಂದದ್ದನ್ನು ಓದಿ ಬಿಟ್ಟುಬಿಡಿ.

ಇದರಲ್ಲಿ ಒಂದು ತಮಾಷೆ ಇದೆ ನೋಡಿ. ಸಂವಿಧಾನಕ್ಕೆ 61ನೇ ತಿದ್ದುಪಡಿ ಆಗಿ ವೋಟು ಹಾಕುವ ವಯಸ್ಸು 21ರಿಂದ 18ಕ್ಕೆ ಇಳಿದದ್ದೂ ಅದೇ 1989ರಲ್ಲಿ. ದೇಶಕ್ಕೆ ವೋಟು ಹಾಕಪ್ಪ ಅಂತ ಹುಡುಗನ ಕೈಗೆ ಹಕ್ಕು ಕೊಟ್ಟ ಕಾಲದಲ್ಲೇ ನಮ್ಮಲ್ಲಿ ಅವನ ಕಾಲೇಜಿನ ವೋಟು ಕಿತ್ತುಕೊಂಡರು. ಇವತ್ತಿಗೂ ಹಾಗೇ ಇದೆ. 21 ತುಂಬಿದರೆ ನೀವು ನಿಮ್ಮ ಊರಿನ ಗ್ರಾಮ ಪಂಚಾಯಿತಿಗೆ ನಿಲ್ಲಬಹುದು. ಅರ್ಧ ಸೀಟು ಹೆಣ್ಣುಮಕ್ಕಳಿಗೇ ಮೀಸಲು. ಗೆದ್ದು ಅಧ್ಯಕ್ಷೆಯೂ ಆಗಬಹುದು. ಆದರೆ ನಿಮ್ಮ ಹಾಸ್ಟೆಲ್ಲಿನ ಸಾಂಬಾರಿನ ಬಗ್ಗೆ ಮಾತಾಡೋಕೆ ಒಬ್ಬ ಪ್ರತಿನಿಧಿಯನ್ನು ನೀವೇ ಆರಿಸುವಂತಿಲ್ಲ.

ಸರಿ, ಎಲೆಕ್ಷನ್ ಇಲ್ಲ. ಹಾಗಂತ ಕುರ್ಚಿಗಳೂ ಇಲ್ಲ ಅಂದುಕೊಳ್ಳಬೇಡಿ. ಕುರ್ಚಿಗಳಿವೆ. ಅವು ಎಲ್ಲಿವೆ ಅಂತ ಯಾರೂ ಹೇಳಿಕೊಡುವುದಿಲ್ಲ, ಅಷ್ಟೇ. ನಾನು ರಾಜ್ಯಶಾಸ್ತ್ರ ಪಾಠ ಮಾಡಿದವನು, ಕಾಲೇಜಿನ ಹಲವು ಸಮಿತಿಗಳಲ್ಲಿ ಕೂತು ಎದ್ದವನು. ವರ್ಷದ ಕೊನೆಗೆ ಫೈಲು ತುಂಬಿಸುವಾಗ ಮಾತ್ರ "ವಿದ್ಯಾರ್ಥಿ ಪ್ರತಿನಿಧಿ" ಅನ್ನುವ ಕಾಲಂ ನೆನಪಾಗುವುದನ್ನು ಬೇಕಾದಷ್ಟು ನೋಡಿದ್ದೇನೆ. ಯಾರದೋ ಹೆಸರು ಬರೆದು, ಆ ಹುಡುಗಿಯನ್ನು ಕರೆಸಿ, "ಇಲ್ಲಿ ಒಂದು ಸೈನ್ ಮಾಡಮ್ಮ" ಅನ್ನುತ್ತಾರೆ. ಸಭೆ ನಡೆದಿದ್ದೇ ಅವಳಿಗೆ ಗೊತ್ತಿರುವುದಿಲ್ಲ.

ಯಾವ್ಯಾವ ಕುರ್ಚಿ?

ವಿಶ್ವವಿದ್ಯಾಲಯಗಳ ಮೇಲೆ ಕಣ್ಣಿಡುವ ಕೇಂದ್ರದ ಸಂಸ್ಥೆ ಯುಜಿಸಿ 2023ರಲ್ಲಿ ವಿದ್ಯಾರ್ಥಿಗಳ ಕುಂದುಕೊರತೆ ನಿವಾರಣೆಗೆ ಹೊಸ ನಿಯಮ ತಂದಿದೆ. ಅದರ ಪ್ರಕಾರ ಪ್ರತಿ ಸಂಸ್ಥೆಯಲ್ಲೂ ಒಂದು ಕುಂದುಕೊರತೆ ಸಮಿತಿ ಇರಲೇಬೇಕು. ಅದರಲ್ಲಿ ಒಬ್ಬ ವಿದ್ಯಾರ್ಥಿ ವಿಶೇಷ ಆಹ್ವಾನಿತರಾಗಿ ಕೂರಬೇಕು. ಆ ವಿದ್ಯಾರ್ಥಿಯನ್ನು ಅಂಕ ನೋಡಿಯೇ ತೆಗೆದುಕೊಳ್ಳಬೇಕು ಅಂತಿಲ್ಲ. ಆಟ, ಸಾಂಸ್ಕೃತಿಕ ಚಟುವಟಿಕೆಯಲ್ಲಿ ಹೆಸರು ಮಾಡಿದವರೂ ಆಗಬಹುದು. ರ‍್ಯಾಗಿಂಗ್ ತಡೆಗೆ 2009ರ ನಿಯಮ ಇದೆ. ಆ ಸಮಿತಿಯಲ್ಲೂ ಹೊಸಬರ ಕಡೆಯವರು, ಸೀನಿಯರ್‌ಗಳ ಕಡೆಯವರು ಇರಬೇಕು. ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್ ತಂಡ ಬರುತ್ತದೆ ಅಂತ ಗೋಡೆಗೆ ಸುಣ್ಣ ಬಳಿಯುತ್ತಾರಲ್ಲ, ಆ ನ್ಯಾಕ್‌ಗಾಗಿ ಇರುವ ಗುಣಮಟ್ಟ ಕೋಶದಲ್ಲೂ, ಅದೇ ಐಕ್ಯೂಎಸಿ, ವಿದ್ಯಾರ್ಥಿಗೆ ಜಾಗ ಇದೆ.

ಇವೆಲ್ಲಕ್ಕಿಂತ ನಿಮಗೆ ಮುಖ್ಯವಾದದ್ದು ಇನ್ನೊಂದು. ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ದೂರು ಸಮಿತಿ. ಯುಜಿಸಿಯ 2015ರ ನಿಯಮ ಓದಿ. ದೂರಿನಲ್ಲಿ ವಿದ್ಯಾರ್ಥಿಗಳು ಭಾಗಿಯಾಗಿದ್ದರೆ ಸಮಿತಿಯಲ್ಲಿ ಮೂವರು ವಿದ್ಯಾರ್ಥಿಗಳಿರಬೇಕು. ಪದವಿಯಿಂದ ಒಬ್ಬರು, ಸ್ನಾತಕೋತ್ತರದಿಂದ ಒಬ್ಬರು, ಸಂಶೋಧನೆಯಿಂದ ಒಬ್ಬರು. ಅವರನ್ನು ಪಾರದರ್ಶಕವಾಗಿ, ಪ್ರಜಾಸತ್ತಾತ್ಮಕವಾಗಿ ಆರಿಸಬೇಕು. ನೇಮಕ ಅಲ್ಲ, ಆಯ್ಕೆ. ಯೂನಿಯನ್ ಎಲೆಕ್ಷನ್ ನಿಂತಿರುವ ಕರ್ನಾಟಕದಲ್ಲೂ ಈ ನಿಯಮ ಹಾಗೇ ಅನ್ವಯಿಸುತ್ತದೆ. ನಿಮ್ಮ ವಿವಿಯಲ್ಲಿ ಸ್ನಾತಕೋತ್ತರದ ಆ ಸೀಟಿನಲ್ಲಿ ಈಗ ಯಾರಿದ್ದಾರೆ? ಅವರನ್ನು ಯಾವಾಗ, ಹೇಗೆ ಆರಿಸಿದರು? ಈ ಎರಡು ಪ್ರಶ್ನೆಯನ್ನು ಬರವಣಿಗೆಯಲ್ಲಿ ಕೇಳಿ ನೋಡಿ. ಉತ್ತರ ಏನೇ ಬರಲಿ, ನಿಮ್ಮ ಕೆಲಸ ಶುರುವಾದ ಹಾಗೆಯೇ.

ಇನ್ನು ಜಿಎಸ್, ಅಂದರೆ ಪ್ರಧಾನ ಕಾರ್ಯದರ್ಶಿ, ಸಾಂಸ್ಕೃತಿಕ ಕಾರ್ಯದರ್ಶಿ, ಕ್ರೀಡಾ ಕಾರ್ಯದರ್ಶಿ. ನಮ್ಮ ಕಡೆ ಇವನ್ನು ಸಾಮಾನ್ಯವಾಗಿ ಅಂಕಪಟ್ಟಿ ನೋಡಿ ಕೊಡುತ್ತಾರೆ. ಯಾರಿಗೆ ಹೆಚ್ಚು ಮಾರ್ಕ್ಸು ಬಂತೋ ಅವರೇ ಜಿಎಸ್. ಪಾಪ, ಆ ಹುಡುಗನಿಗೂ ಬೇಕಿರುವುದಿಲ್ಲ. ಅವನು ಉಪನ್ಯಾಸಕ ಆಗಲು ಬರೆಯುವ ಕೆ-ಸೆಟ್ ಪರೀಕ್ಷೆಗೆ ಓದುತ್ತಿರುತ್ತಾನೆ. ಗ್ಯಾದರಿಂಗ್ ದಿನ ಅತಿಥಿಗೆ ಹಾರ ಹಾಕಿ ಕೆಳಗಿಳಿಯುತ್ತಾನೆ. ವಿದ್ಯಾರ್ಥಿ ಚುನಾವಣೆ ಹೇಗೆ ನಡೆಯಬೇಕು ಅಂತ ಶಿಫಾರಸು ಕೊಟ್ಟ ಲಿಂಗ್ಡೋ ಸಮಿತಿ ಈ ಪದ್ಧತಿ ಬೇಡ ಅಂತಲೇ ಹೇಳಿತ್ತು. ಎಲೆಕ್ಷನ್ ಮಾಡುವ ವಾತಾವರಣ ಇಲ್ಲದ ಕಡೆ ಕೆಲ ಕಾಲ ನಾಮಕರಣ ಮಾಡಬಹುದು, ಆದರೆ ಬರೀ ಅಂಕ ನೋಡಿ ಮಾಡಬಾರದು, ಹೆಚ್ಚೆಂದರೆ ಐದು ವರ್ಷದೊಳಗೆ ಚುನಾವಣೆಗೆ ಬದಲಾಗಬೇಕು ಅಂತ ಅದರ ವರದಿಯಲ್ಲಿದೆ. ವರದಿ ಬಂದದ್ದು 2006ರಲ್ಲಿ. ಲೆಕ್ಕ ನೀವೇ ಹಾಕಿ.

ಲಿಂಗ್ಡೋ ಹೆಸರು ಬಂದದ್ದರಿಂದ ಎರಡು ಮಾತು. ಜೆ.ಎಂ. ಲಿಂಗ್ಡೋ ಅವರು ಮುಖ್ಯ ಚುನಾವಣಾ ಆಯುಕ್ತರಾಗಿದ್ದವರು. ಸುಪ್ರೀಂ ಕೋರ್ಟ್ ಸೂಚನೆಯ ಮೇರೆಗೆ ಕೇಂದ್ರ ಸರ್ಕಾರ ಅವರ ಸಮಿತಿ ಮಾಡಿತು. 2006ರ ಸೆಪ್ಟೆಂಬರಿನಲ್ಲಿ ಕೋರ್ಟ್ ಆ ಶಿಫಾರಸುಗಳನ್ನು ಜಾರಿ ಮಾಡಿ ಅಂತ ಹೇಳಿತು. ದೇಶದಲ್ಲಿ ಎಲ್ಲಿ ವಿದ್ಯಾರ್ಥಿ ಚುನಾವಣೆ ನಡೆದರೂ ಈಗ ಇದನ್ನೇ ಮುಂದಿಡುತ್ತಾರೆ. ನಾಳೆ ಕರ್ನಾಟಕದಲ್ಲಿ ಎಲೆಕ್ಷನ್ ಬಂದರೆ ನಿಯಮ ಬರೆಯುವವರ ಮೇಜಿನ ಮೇಲೂ ಇದೇ ಇರುತ್ತದೆ. ಅದಕ್ಕೇ ನಿಮ್ಮ ಪರಿಸ್ಥಿತಿಯನ್ನು ಇದರ ಪಕ್ಕ ಇಟ್ಟು ನೋಡೋಣ.

ನಿಮಗೆ 24. ಪದವಿ ವಿದ್ಯಾರ್ಥಿಗಳಿಗೆ 17ರಿಂದ 22, ಸ್ನಾತಕೋತ್ತರದವರಿಗೆ ಹೆಚ್ಚೆಂದರೆ 24-25, ಸಂಶೋಧಕರಿಗೆ 28. ನೀವು ಗೆರೆಯ ಮೇಲೇ ನಿಂತಿದ್ದೀರಿ. ಮುಂದಿನ ವರ್ಷ ಚುನಾವಣೆ ಬಂದರೂ ನಿಮಗೆ ಕಷ್ಟ ಆಗಬಹುದು. ಮದುವೆ, ಗುಳೆ, ಮನೆಯ ಸಾಲ ಅಂತ ಎರಡು ಮೂರು ವರ್ಷ ಬಿಟ್ಟು ಮತ್ತೆ ಓದಲು ಬರುವವರು ನಮ್ಮ ಮೂರೂ ಜಿಲ್ಲೆಯಲ್ಲಿ ಎಷ್ಟು ಜನ ಇದ್ದಾರೆ ಹೇಳಿ. ದಿಲ್ಲಿಯಲ್ಲಿ ಕೂತು ವಯಸ್ಸಿನ ಗೆರೆ ಎಳೆದವರಿಗೆ ಇದು ಕಂಡಿರಲಿಕ್ಕಿಲ್ಲ. ಕರ್ನಾಟಕದ ನಿಯಮದ ಕರಡು ಯಾವತ್ತಾದರೂ ಹೊರಬಂದು ಆಕ್ಷೇಪಣೆ ಕರೆದರೆ, ನೀವು ಕಳಿಸಬೇಕಾದ ಮೊದಲ ಪತ್ರ ಇದೇ ವಿಷಯದ್ದು.

ಉಳಿದ ಪೇಪರ್. ಇದರಲ್ಲಿ ಚೌಕಾಸಿ ಇಲ್ಲ. ನಿಲ್ಲುವ ವರ್ಷದಲ್ಲಿ ಒಂದೂ ಬಾಕಿ ಇರಬಾರದು ಅನ್ನುತ್ತದೆ ನಿಯಮ. ಬೇರೆಲ್ಲ ಆಮೇಲೆ, ಮೊದಲು ಆ ಪೇಪರ್ ಕಟ್ಟಿ ಪಾಸಾಗಿ. ರೀವ್ಯಾಲ್ಯುಯೇಷನ್‌ಗೆ ಹಾಕಿದ್ದರೆ ಅರ್ಜಿಯ ಪ್ರತಿ, ಶುಲ್ಕ ಕಟ್ಟಿದ ರಸೀದಿ ಎರಡನ್ನೂ ಜೋಪಾನ ಮಾಡಿ. ಫಲಿತಾಂಶ ತಡವಾಗಿ ಬಂದು, ಅಷ್ಟರಲ್ಲಿ ನಾಮಪತ್ರದ ದಿನ ಮುಗಿದರೆ ಹೋರಾಡಲು ಅದೊಂದೇ ಆಧಾರ.

ಹಾಜರಾತಿ. ಶೇ. 75 ಇರಬೇಕು, ನಿಮ್ಮ ವಿವಿಯ ನಿಯಮ ಅದಕ್ಕಿಂತ ಜಾಸ್ತಿ ಇದ್ದರೆ ಅಷ್ಟು. ಇದು ನಮ್ಮ ಕಡೆಯ ಮಕ್ಕಳಿಗೆ ಬೀಳುವ ದೊಡ್ಡ ಪೆಟ್ಟು. ಹತ್ತಿ ಬಿಡಿಸುವ ಕಾಲ ಬಂತು ಅಂದರೆ ಕ್ಲಾಸಿನ ಹಿಂದಿನ ಬೆಂಚುಗಳು ಖಾಲಿ. ಮೆಣಸಿನಕಾಯಿ ಹರಿಯುವಾಗ ಇನ್ನೊಂದಷ್ಟು ಖಾಲಿ. ಕೂಲಿಯವರು ಸಿಗದಿದ್ದರೆ ಮನೆಯವರು ಫೋನ್ ಮಾಡಿ "ಎರಡು ದಿನ ಬಂದು ಹೋಗವ್ವ" ಅನ್ನುತ್ತಾರೆ. ಎರಡು ದಿನ ಎರಡು ವಾರ ಆಗುತ್ತದೆ. ನೀವೂ ಹಾಗೆ ಹೋಗುವವರಾದರೆ ಈಗಿನಿಂದಲೇ ಲೆಕ್ಕ ಇಡಿ. ವಿಭಾಗದಲ್ಲಿ ತಿಂಗಳಿಗೊಮ್ಮೆ ನಿಮ್ಮ ಹಾಜರಾತಿ ಎಷ್ಟಿದೆ ಅಂತ ಕೇಳಿ ಬರೆದಿಟ್ಟುಕೊಳ್ಳಿ.

ಇನ್ನೊಂದು ನಿಯಮ ಬಹಳ ಜನಕ್ಕೆ ಗೊತ್ತಿಲ್ಲ. ಅಧ್ಯಕ್ಷ, ಕಾರ್ಯದರ್ಶಿಯಂಥ ಪದಾಧಿಕಾರಿ ಹುದ್ದೆಗೆ ಒಬ್ಬರು ಒಂದೇ ಸಲ ನಿಲ್ಲಬಹುದು. ಕಾರ್ಯಕಾರಿ ಸಮಿತಿ ಸದಸ್ಯ ಸ್ಥಾನಕ್ಕೆ ಎರಡು ಸಲ. ಗೆದ್ದರೂ ಅಷ್ಟೇ, ಸೋತರೂ ಅಷ್ಟೇ. ಯಾರೋ ಹುರಿದುಂಬಿಸಿದರು ಅಂತ ಮೊದಲ ವರ್ಷವೇ ಅಧ್ಯಕ್ಷ ಸ್ಥಾನಕ್ಕೆ ನಾಮಪತ್ರ ಹಾಕಿ ಆ ಒಂದು ಅವಕಾಶ ಕಳೆದುಕೊಳ್ಳುವುದು ಸುಮ್ನೆ ದಂಡ.

ಹಾಗಾದರೆ ಎಲ್ಲಿಂದ ಶುರು? ಸಿಆರ್ ಆಗುವುದರಿಂದ. ಹೌದು, ಅದೇ ಕ್ಲಾಸ್ ರೆಪ್ರೆಸೆಂಟೇಟಿವ್. ನಗಬೇಡಿ. ಜೆಎನ್‌ಯು, ಹೈದರಾಬಾದ್ ವಿಶ್ವವಿದ್ಯಾಲಯದಂಥ ಒಂದೇ ಕ್ಯಾಂಪಸ್ಸಿನ ಕಡೆ ವಿದ್ಯಾರ್ಥಿಗಳು ಅಧ್ಯಕ್ಷರನ್ನು ನೇರವಾಗಿ ಆರಿಸುತ್ತಾರೆ. ಟಿವಿಯಲ್ಲಿ ನೀವು ನೋಡುವುದು ಅದನ್ನೇ. ರಾಯಚೂರಿನಿಂದ ಹೈದರಾಬಾದಿಗೆ ಓದಲು ಹೋದವರು ಬಂದು ಹೇಳುವುದೂ ಅದನ್ನೇ. ನಮ್ಮ ವಿವಿಗಳು ಹಾಗಲ್ಲ. ಬಳ್ಳಾರಿಯಲ್ಲಿ 2010ರಲ್ಲಿ ಶುರುವಾದ ವಿಜಯನಗರ ಶ್ರೀಕೃಷ್ಣದೇವರಾಯ ವಿವಿಯಿರಲಿ, ಅದರಿಂದ ಬೇರೆಯಾದ ಕೊಪ್ಪಳ ವಿವಿಯಿರಲಿ, ರಾಯಚೂರಿನ ಆದಿಕವಿ ಮಹರ್ಷಿ ವಾಲ್ಮೀಕಿ ವಿವಿಯಿರಲಿ, ಕ್ಯಾಂಪಸ್ಸಿನಲ್ಲಿ ಓದುವವರಿಗಿಂತ ತಾಲ್ಲೂಕುಗಳ ಸಂಯೋಜಿತ ಕಾಲೇಜುಗಳಲ್ಲಿ ಓದುವವರೇ ಹೆಚ್ಚು. ಇಂಥ ಹರಡಿಕೊಂಡ ವಿವಿಗಳಿಗೆ ಲಿಂಗ್ಡೋ ಸಮಿತಿ ಪರೋಕ್ಷ ಚುನಾವಣೆಯ ದಾರಿಯನ್ನೂ ತೋರಿಸಿದೆ. ತರಗತಿಗಳಿಂದ ಪ್ರತಿನಿಧಿಗಳು, ಪ್ರತಿನಿಧಿಗಳಿಂದ ಕಾಲೇಜು ಮಟ್ಟದವರು, ಅವರಿಂದ ವಿವಿ ಮಟ್ಟದವರು. ಆ ದಾರಿ ಹಿಡಿದರೆ ನಿಮ್ಮ ಭವಿಷ್ಯ ನಿರ್ಧಾರವಾಗುವುದು ನಿಮ್ಮದೇ ಕ್ಲಾಸ್‌ರೂಮಿನಲ್ಲಿ, ನಿಮ್ಮ ಜೊತೆ ಕೂರುವವರ ಕೈಯಲ್ಲಿ.

ಸಿಆರ್ ಆದವರು ಸಾಮಾನ್ಯವಾಗಿ ಮಾಡುವುದು ನೋಟ್ಸ್ ಜೆರಾಕ್ಸು, ಅತಿಥಿ ಉಪನ್ಯಾಸಕರು ಇವತ್ತು ಬರುತ್ತಾರೋ ಇಲ್ಲವೋ ಅಂತ ಗ್ರೂಪಿಗೆ ಮೆಸೇಜು. ಅದನ್ನೂ ಮಾಡಿ. ಆದರೆ ಅದರ ಜೊತೆಗೆ ಒಂದೇ ಒಂದು ಸಮಸ್ಯೆ ಹಿಡಿದು ಕೊನೆ ಮುಟ್ಟಿಸಿ. ನನ್ನ ಮಾತಿನಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ. ಹತ್ತು ಬೇಡಿಕೆಯ ಮನವಿ ಪತ್ರ ಕೊಟ್ಟು ಫೋಟೋ ತೆಗೆಸಿಕೊಳ್ಳುವವರು ಬೇಕಾದಷ್ಟು ಇದ್ದಾರೆ. ಒಂದು ಕೆಲಸ ಮಾಡಿಸಿದವರ ಹೆಸರು ಮಾತ್ರ ಹಾಸ್ಟೆಲ್ಲಿನಿಂದ ಹಾಸ್ಟೆಲ್ಲಿಗೆ ಹೋಗುತ್ತದೆ.

ಉದಾಹರಣೆಗೆ ಬಸ್ಸು. ಹೊಸ ವಿವಿಗಳೆಲ್ಲ ಊರಾಚೆ ಇವೆ. ರಾಯಚೂರಿನವರಿಗೆ ಯರಗೇರಾ, ಕೊಪ್ಪಳದವರಿಗೆ ಕುಕನೂರು ತಾಲ್ಲೂಕಿನ ತಳಕಲ್. ಕ್ಲಾಸು ಮುಗಿದ ಮೇಲೆ ಬಸ್ಸಿಗೆ ಕಾಯುವುದು ಅಲ್ಲಿ ಇನ್ನೊಂದು ಪೀರಿಯಡ್ಡು. ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಟಿಕೆಟ್ ಚಿಂತೆ ಹೋಯಿತು, ನಿಜ. ಆದರೆ ಬಸ್ಸೇ ನಿಲ್ಲಿಸದಿದ್ದರೆ ಟಿಕೆಟ್ ಪುಕ್ಕಟೆ ಇದ್ದು ಏನು ಬಂತು?

ಈ ಸಮಸ್ಯೆಯನ್ನು ಹೇಗೆ ಹಿಡಿಯಬೇಕು ಅಂತ ಹೇಳುತ್ತೇನೆ. ಮೊದಲ ವಾರ ಒಂದು ಹಾಳೆ ಮಾಡಿ. ಯಾವ ಬಸ್ಸು, ಎಷ್ಟು ಗಂಟೆಗೆ ಬಂತು, ನಿಲ್ಲಿಸಿತೋ ಇಲ್ಲವೋ, ಎಷ್ಟು ಜನ ಉಳಿದರು. ನಾಲ್ಕೇ ಕಾಲಂ. ಸ್ಟಾಪಿನಲ್ಲಿ ನಿಲ್ಲುವ ಬೇರೆ ಬೇರೆ ವಿಭಾಗದವರು ಸರದಿಯಲ್ಲಿ ತುಂಬಲಿ. ಆರು ದಿನ ಆದ ಮೇಲೆ ಅದನ್ನು ಮುಂದಿಟ್ಟುಕೊಂಡು ಅರ್ಜಿ ಬರೆಯಿರಿ. "ಬಸ್ಸಿನ ತೊಂದರೆ ತುಂಬಾ ಇದೆ, ದಯವಿಟ್ಟು ಪರಿಹರಿಸಿ" ಅಂತ ಬರೆಯಬೇಡಿ. ಅಂಥ ಅರ್ಜಿಗೆ "ಪರಿಶೀಲಿಸಲಾಗುವುದು" ಅನ್ನುವ ಉತ್ತರ ರೆಡಿ ಇರುತ್ತದೆ. ಹೀಗೆ ಬರೆಯಿರಿ: ಇಂಥ ದಿನದಿಂದ ಇಂಥ ದಿನದವರೆಗೆ ಮಧ್ಯಾಹ್ನ ಕ್ಲಾಸು ಬಿಟ್ಟ ಮೇಲೆ ಇಷ್ಟು ಬಸ್ಸು ಬಂದಿವೆ, ಇಷ್ಟು ನಿಲ್ಲಿಸದೆ ಹೋಗಿವೆ, ಪಟ್ಟಿ ಲಗತ್ತಿಸಿದೆ. ಇಂಥ ಸಮಯಕ್ಕೆ ಒಂದು ಬಸ್ಸಿಗೆ ಕ್ಯಾಂಪಸ್ ಗೇಟಿನಲ್ಲಿ ನಿಲುಗಡೆ ಕೊಡಬೇಕು. ಒಂದೇ ಬೇಡಿಕೆ. ಒಂದೇ ಪುಟ. ಕೆಳಗೆ ಹೆಸರು, ವಿಭಾಗ, ನೋಂದಣಿ ಸಂಖ್ಯೆ, ಸಹಿ. ಒಬ್ಬರೇ ಎಲ್ಲರ ಸಹಿ ಹಾಕಿದ್ದು ಗೊತ್ತಾದರೆ ಇಡೀ ಅರ್ಜಿ ಕಸದ ಬುಟ್ಟಿಗೆ, ಜ್ಞಾಪಕ ಇರಲಿ.

ಅರ್ಜಿ ರಿಜಿಸ್ಟ್ರಾರ್‌ಗೆ. ಪ್ರತಿ ಕಲ್ಯಾಣ ಕರ್ನಾಟಕ ಸಾರಿಗೆಯ ಡಿಪೋ ವ್ಯವಸ್ಥಾಪಕರಿಗೆ, ಇನ್ನೊಂದು ವಿಭಾಗೀಯ ನಿಯಂತ್ರಣಾಧಿಕಾರಿಗೆ. ಈಗ ಮುಖ್ಯವಾದ ಮಾತು. ಅರ್ಜಿಯನ್ನು ಸಾಹೇಬರ ಕೈಗೆ ಕೊಟ್ಟು ನಮಸ್ಕಾರ ಮಾಡಿ ಬರಬೇಡಿ. ಟಪಾಲು ವಿಭಾಗಕ್ಕೆ ಹೋಗಿ. ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಕು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಗುಮಾಸ್ತರು "ಕೊಟ್ಟು ಹೋಗವ್ವ, ನಾನು ಮುಟ್ಟಿಸ್ತೀನಿ" ಅನ್ನಬಹುದು. ಒಳ್ಳೆಯ ಮನಸ್ಸಿನಿಂದಲೇ ಅನ್ನಬಹುದು. ನೀವು ನಕ್ಕು, ಸೀಲು ಬೀಳುವ ತನಕ ಅಲ್ಲೇ ನಿಲ್ಲಿ. ಆ ನಂಬರ್ ಇಲ್ಲದ ಅರ್ಜಿ ಸರ್ಕಾರಿ ಕಚೇರಿಯಲ್ಲಿ ಹುಟ್ಟೇ ಇಲ್ಲ. ನಂಬರ್ ಇದ್ದರೆ ಮುಂದಿನ ವಾರ ಹೋಗಿ "ಇಂಥ ನಂಬರಿನ ಫೈಲು ಯಾರ ಟೇಬಲ್ಲಿನಲ್ಲಿದೆ?" ಅಂತ ಕೇಳಬಹುದು. ಹಾಗೆ ಕೇಳುವ ವಿದ್ಯಾರ್ಥಿ ಅಪರೂಪ. ಕಚೇರಿಯವರಿಗೆ ನಿಮ್ಮ ಮುಖ ಬೇಗ ಗುರುತಾಗುತ್ತದೆ.

ವಿವಿಯೊಳಗಿನ ದೂರಾದರೆ, ಅಂದರೆ ಫಲಿತಾಂಶ ತಡ, ಸ್ಕಾಲರ್‌ಶಿಪ್ ತಡ, ಮೌಲ್ಯಮಾಪನದ ತಕರಾರು, ಕುಂದುಕೊರತೆ ಸಮಿತಿಗೆ ಹಾಕಿ. 15 ಕೆಲಸದ ದಿನಗಳೊಳಗೆ ವರದಿ ಕೊಡಬೇಕು ಅಂತ 2023ರ ನಿಯಮ ಹೇಳುತ್ತದೆ. ಸಮಾಧಾನ ಆಗದಿದ್ದರೆ 15 ದಿನದೊಳಗೆ ಒಂಬುಡ್ಸ್‌ಪರ್ಸನ್‌ಗೆ, ಅಂದರೆ ಇಂಥ ಮೇಲ್ಮನವಿ ಕೇಳಲೆಂದೇ ಇರುವ ಅಧಿಕಾರಿಗೆ, ಮೇಲ್ಮನವಿ. ಯೂನಿಯನ್ ಇಲ್ಲದಿದ್ದರೂ ಯೂನಿಯನ್ ಫೀ ವಸೂಲಿ ಮಾಡುತ್ತಿದ್ದಾರೆಯೇ ಅಂತ ನಿಮ್ಮ ಶುಲ್ಕದ ರಸೀದಿ ತೆಗೆದು ನೋಡಿ. ಇದ್ದರೆ, ಆ ದುಡ್ಡು ಯಾವುದಕ್ಕೆ ಖರ್ಚಾಯಿತು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಲಿ, 150 ಪದ ದಾಟದಿರಲಿ. ನಮ್ಮ ರಾಜ್ಯದ ನಿಯಮ ಹಾಗಿದೆ.

ಈಗ ನಿಮ್ಮ ಸೀನಿಯರ್‌ಗಳ ಮೂರು ಮಾತಿಗೆ ಬರುತ್ತೇನೆ.

ದುಡ್ಡು. ಲಿಂಗ್ಡೋ ನಿಯಮದಲ್ಲಿ ಒಬ್ಬ ಅಭ್ಯರ್ಥಿ ಖರ್ಚು ಮಾಡಬಹುದಾದ್ದು 5,000 ರೂಪಾಯಿ. ಫಲಿತಾಂಶ ಬಂದ ಎರಡು ವಾರದಲ್ಲಿ ಲೆಕ್ಕ ಕೊಡಬೇಕು. ಕೊಡದಿದ್ದರೆ, ಮಿತಿ ದಾಟಿದರೆ, ಆಯ್ಕೆಯೇ ರದ್ದು. ಅಚ್ಚು ಹಾಕಿಸಿದ ಪೋಸ್ಟರ್, ಕರಪತ್ರ ಇಲ್ಲ. ಕೈಯಲ್ಲಿ ಬರೆದದ್ದು ಮಾತ್ರ, ಅದೂ ಅವರು ತೋರಿಸಿದ ಗೋಡೆಗೆ. ಧ್ವನಿವರ್ಧಕ ಇಲ್ಲ, ಗಾಡಿ ಇಲ್ಲ. ನಾಮಪತ್ರದಿಂದ ಫಲಿತಾಂಶದ ತನಕ ಎಲ್ಲ ಹತ್ತು ದಿನದೊಳಗೆ ಮುಗಿಯಬೇಕು. ಇದು ಕಾಗದದ ಮೇಲಿನ ಮಾತು ಅಂತ ನನಗೂ ಗೊತ್ತು. ಎಲೆಕ್ಷನ್ ನಡೆಯುವ ದೊಡ್ಡ ಊರುಗಳಲ್ಲಿ ಕಾರಿನ ಸಾಲು, ಅಚ್ಚಿನ ಕಾರ್ಡುಗಳ ರಾಶಿ ಎಲ್ಲರೂ ನೋಡಿದ್ದೇವೆ. ನಮ್ಮಲ್ಲೂ ಮಂಡಕ್ಕಿ-ಮಿರ್ಚಿಯಲ್ಲಿ ಶುರುವಾಗಿ ಬಿರಿಯಾನಿಗೆ ಹೋಗುವುದು ಎಷ್ಟು ಹೊತ್ತಿನ ಕೆಲಸ? ಆದರೂ ಕಡಿಮೆ ದುಡ್ಡಿನವರಿಗೆ ಈ ನಿಯಮವೇ ಆಯುಧ. ನಿಮ್ಮ ಎದುರಾಳಿ ಅಚ್ಚಿನ ಬ್ಯಾನರ್ ಕಟ್ಟಿದರೆ ಜಗಳಕ್ಕೆ ಹೋಗಬೇಡಿ. ಫೋಟೋ ತೆಗೆಯಿರಿ, ತಾರೀಕು ಬರೆಯಿರಿ, ದೂರು ಕೊಡಿ, ಸೀಲು ಹಾಕಿಸಿ.

ಪಾರ್ಟಿ. ಅಭ್ಯರ್ಥಿ ರಾಜಕೀಯ ಪಕ್ಷದ ದುಡ್ಡು ಮುಟ್ಟುವಂತಿಲ್ಲ. ಇದು ನಿಯಮ. ವಿದ್ಯಾರ್ಥಿ ಸಂಘಟನೆ ಸೇರಬೇಕೋ ಬೇಡವೋ ಅನ್ನುವುದು ನಿಮ್ಮ ವಿಚಾರಕ್ಕೆ ಬಿಟ್ಟದ್ದು. ಎಬಿವಿಪಿ, ಎಸ್‌ಎಫ್‌ಐ, ಎನ್‌ಎಸ್‌ಯುಐ, ಎಐಡಿಎಸ್‌ಒ, ಎಲ್ಲರೂ ನಮ್ಮ ಕಡೆ ಇದ್ದಾರೆ. ಎಲೆಕ್ಷನ್ ಇಲ್ಲದ ಇಷ್ಟು ವರ್ಷವೂ ಬಸ್ ಪಾಸು, ಹಾಸ್ಟೆಲ್ಲು, ಸ್ಕಾಲರ್‌ಶಿಪ್ಪು ಅಂತ ಬೀದಿಗೆ ಇಳಿದವರು ಇಂಥ ಸಂಘಟನೆಯವರೇ. ಅದನ್ನು ಒಪ್ಪಬೇಕು. ಅವರ ಸಭೆಗಳಿಗೆ ಹೋಗಿ ಕೇಳಿ. ಒಂದಲ್ಲ, ಎರಡು ಮೂರು ಕಡೆ ಕೇಳಿ. ಭಾಷಣ ಕಲಿಯುತ್ತೀರಿ, ಓದು ಸಿಗುತ್ತದೆ, ಬೇರೆ ತಾಲ್ಲೂಕಿನ ಗೆಳೆಯರು ಸಿಗುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ನಿಮ್ಮ ಬಸ್ಸಿನ ಅರ್ಜಿಯ ಮೇಲೆ ಯಾವ ಸಂಘಟನೆಯ ಲೆಟರ್‌ಹೆಡ್ಡೂ ಬೇಡ. ಲೆಟರ್‌ಹೆಡ್ ಕಂಡ ಕೂಡಲೇ ಅರ್ಧ ಕ್ಲಾಸು ಸಹಿ ಹಾಕಲು ಹಿಂದೆ ಸರಿಯುತ್ತದೆ.

ಜಾತಿ. ಇದು ಎಲ್ಲಕ್ಕಿಂತ ಕಷ್ಟದ್ದು. ಜಾತಿ, ಧರ್ಮದ ಹೆಸರಲ್ಲಿ ವೋಟು ಕೇಳಬಾರದು ಅಂತ ನಿಯಮ ಹೇಳುತ್ತದೆ. ಆದರೆ ಜಾತಿ ಕ್ಯಾಂಪಸ್ಸಿನಲ್ಲಿ ಕೆಲಸ ಮಾಡುವುದು ಭಾಷಣದಲ್ಲಿ ಅಲ್ಲ, ಹಾಸ್ಟೆಲ್ಲಿನಲ್ಲಿ. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಒಂದು ಕಡೆ, ಹಿಂದುಳಿದ ವರ್ಗಗಳ ಹಾಸ್ಟೆಲ್ ಒಂದು ಕಡೆ, ಅಲ್ಪಸಂಖ್ಯಾತರದು ಇನ್ನೊಂದು ಕಡೆ, ಮಠದ್ದು ಮತ್ತೊಂದು ಕಡೆ. ಊಟ ಬೇರೆ, ರೂಮು ಬೇರೆ, ಸಂಜೆಯ ಹರಟೆ ಬೇರೆ. ಹೀಗಿದ್ದಾಗ ವೋಟು ಗುಂಪಾಗಿ ಬೀಳುವುದರಲ್ಲಿ ಆಶ್ಚರ್ಯ ಏನಿದೆ? ಅದಕ್ಕೇ ನಾನು ಬಸ್‌ಸ್ಟಾಪಿನ ಹಾಳೆ ಹೇಳಿದ್ದು. ಬಸ್‌ಸ್ಟಾಪಿನಲ್ಲಿ ಎಲ್ಲ ಹಾಸ್ಟೆಲ್ಲಿನವರೂ ಬಿಸಿಲಿಗೆ ಒಟ್ಟಿಗೆ ನಿಲ್ಲುತ್ತಾರೆ. ಲೈಬ್ರರಿ ರಾತ್ರಿ ಎಂಟರ ತನಕ ತೆರೆದಿರಬೇಕು ಅನ್ನುವುದೂ ಹಾಗೇ. ಕುಡಿಯುವ ನೀರೂ ಹಾಗೇ, ನಮ್ಮ ಏಪ್ರಿಲ್ ತಿಂಗಳ ಬಗ್ಗೆ ಬೇರೆ ಹೇಳಬೇಕಾ? ಮೊದಲ ಕೆಲಸ ಎಲ್ಲರಿಗೂ ತಟ್ಟುವಂಥದ್ದಾಗಿರಲಿ. ಸಹಿ ಕೇಳಲು ನಿಮ್ಮ ಹಾಸ್ಟೆಲ್ಲಿಗೆ ಕೊನೆಗೆ ಹೋಗಿ. ಬೇರೆಯವರ ಹಾಸ್ಟೆಲ್ಲಿಗೆ ಮೊದಲು ಹೋಗಿ. ಹುಡುಗರ ಹಾಸ್ಟೆಲ್ಲಿಗೆ ನಿಮಗೆ ಹೋಗಲು ಆಗುವುದಿಲ್ಲ. ಅಲ್ಲಿ ನಿಮ್ಮ ಪರ ಮಾತಾಡುವವನು ನಿಮ್ಮ ಜಾತಿಯವನೇ ಆಗಬೇಕಿಲ್ಲ, ಆಗದಿದ್ದರೇ ಒಳ್ಳೆಯದು.

ಮಾತಿನ ಬಗ್ಗೆಯೂ ಹೇಳಬೇಕು. ಕ್ಲಾಸಿಗೆ ಹೋಗಿ ಮಾತಾಡಲು ನಿಮಗೆ ಸಿಗುವುದು ಎರಡು ನಿಮಿಷ. ಮುಂದಿನ ಮೇಷ್ಟ್ರು ಬಾಗಿಲಲ್ಲಿ ನಿಂತಿರುತ್ತಾರೆ. "ಆತ್ಮೀಯ ವಿದ್ಯಾರ್ಥಿ ಮಿತ್ರರೇ" ಅಂತ ಶುರು ಮಾಡಿ ಬಸವಣ್ಣ, ಅಂಬೇಡ್ಕರ್, ವಿವೇಕಾನಂದರ ಹೆಸರು ಹೇಳುವಷ್ಟರಲ್ಲಿ ಒಂದೂವರೆ ನಿಮಿಷ ಹೋಗಿರುತ್ತದೆ. ಹೆಸರು, ವಿಭಾಗ, ಮಾಡಿದ್ದೇನು, ಮಾಡಬೇಕಿರುವುದೇನು, ಮುಗಿಸಿ. ನಿಮ್ಮ ಕೊಪ್ಪಳದ ಮಾತನ್ನೇ ಆಡಿ, ಟಿವಿ ಕನ್ನಡ ಬೇಡ. ಬಳ್ಳಾರಿ, ರಾಯಚೂರಿನಲ್ಲಿ ಮನೆಮಾತು ತೆಲುಗು, ಉರ್ದು ಇರುವವರು ಬಹಳ. ಅವರ ಭಾಷೆಯಲ್ಲಿ ಒಂದೆರಡು ವಾಕ್ಯ ಬಂದರೆ ಕಾರಿಡಾರಿನಲ್ಲಿ ಆಡಿ. ವೇದಿಕೆ ಮೇಲೆ ಆಡಿದರೆ ನಾಟಕ ಅನ್ನಿಸುತ್ತದೆ.

ಹೆಣ್ಣುಮಗಳು ನಿಂತಾಗ ವಾಟ್ಸಾಪಿನಲ್ಲಿ ಏನೇನು ಬರುತ್ತದೆ ಅಂತ ನಾನು ಹೇಳಬೇಕಿಲ್ಲ. ಫೋಟೋ ತಿರುಚಿದ್ದು, ಹೊಲಸು ಮಾತು ಬಂದರೆ ಸ್ಕ್ರೀನ್‌ಶಾಟ್ ತೆಗೆದಿಡಿ, ಕಳಿಸಿದವರ ನಂಬರ್ ಕಾಣುವ ಹಾಗೆ. ಗ್ರೂಪಿನಲ್ಲಿ ಉತ್ತರ ಕೊಡಬೇಡಿ. ಆಂತರಿಕ ದೂರು ಸಮಿತಿಗೆ ಹೋಗಿ. ಸೈಬರ್ ದೂರಿಗೆ 1930 ಸಹಾಯವಾಣಿ ಇದೆ ಅಂತ ಬಹಳ ಜನ ಹೇಳುತ್ತಾರೆ. ಅದು ಮುಖ್ಯವಾಗಿ ದುಡ್ಡಿನ ವಂಚನೆಗೆ. ಇಂಥ ದೂರಿಗೆ ಸೈಬರ್ ಕ್ರೈಮ್ ಪೋರ್ಟಲ್ ಅಥವಾ ಜಿಲ್ಲೆಯ ಸೈಬರ್ ಠಾಣೆ ಸರಿ.

ಕೊನೆಗೆ ಅಪ್ಪನ ಹೆದರಿಕೆ. ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅವರು ಹೇಳುವುದರಲ್ಲಿ ಅರ್ಧ ಸತ್ಯ ಇದೆ. ಸರ್ಕಾರಿ ನೌಕರಿಗೆ ಸೇರುವಾಗ ಪೊಲೀಸ್ ಪರಿಶೀಲನೆ ಇರುತ್ತದೆ. ಲಿಂಗ್ಡೋ ನಿಯಮವೂ ಕ್ರಿಮಿನಲ್ ಹಿನ್ನೆಲೆ ಇರುವವರನ್ನು, ವಿವಿಯಿಂದ ಶಿಸ್ತು ಕ್ರಮ ಆದವರನ್ನು ದೂರ ಇಡುತ್ತದೆ. ಆದರೆ ಸಿಆರ್ ಆಗುವುದಕ್ಕೆ, ಅರ್ಜಿ ಕೊಡುವುದಕ್ಕೆ, ಸಮಿತಿಯಲ್ಲಿ ಕೂರುವುದಕ್ಕೆ ಯಾರೂ ಕೇಸು ಹಾಕುವುದಿಲ್ಲ. ಕೇಸು ಬೀಳುವುದು ರಸ್ತೆ ತಡೆದಾಗ, ಬಸ್ಸಿಗೆ ಕಲ್ಲು ಬಿದ್ದಾಗ, ಅನುಮತಿ ಇಲ್ಲದೆ ಮೆರವಣಿಗೆ ತೆಗೆದಾಗ. ಗುಂಪಿನಲ್ಲಿ ಕಲ್ಲು ಎಸೆದವನು ಓಡಿಹೋಗುತ್ತಾನೆ. ಮೈಕ್ ಹಿಡಿದವಳ ಹೆಸರು ಎಫ್‌ಐಆರ್‌ನಲ್ಲಿ ಮೊದಲು ಬರುತ್ತದೆ. ಧರಣಿ ಕೂರುವುದೇ ಆದರೆ ಪೊಲೀಸರಿಗೆ ಮುಂಚೆಯೇ ಬರೆದುಕೊಡಿ, ಜಾಗ, ಸಮಯ, ಜನ ಎಷ್ಟು ಅಂತ ತಿಳಿಸಿ, ಅನುಮತಿ ಕೈಗೆ ಬಂದ ಮೇಲೆ ಕೂರಿ. ರಾಯಚೂರಿನವರು ಏಮ್ಸ್ ಬೇಕು ಅಂತ 2022ರಲ್ಲಿ ಧರಣಿ ಶುರು ಮಾಡಿ ವರ್ಷಗಟ್ಟಲೆ ಕೂತರು. ಒಂದೇ ಬೇಡಿಕೆಗೆ ಅಷ್ಟು ದಿನ ಶಾಂತವಾಗಿ ಕೂರಲು ಆಗುತ್ತದೆ ಅಂತ ಅಪ್ಪನಿಗೆ ತೋರಿಸಲು ಅದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ಅಪ್ಪನ ಹತ್ತಿರ ಎಲೆಕ್ಷನ್ ಅನ್ನುವ ಮಾತನ್ನೇ ಈಗ ಎತ್ತಬೇಡಿ. "ಬಸ್ ನಿಲುಗಡೆಗೆ ಅರ್ಜಿ ಕೊಡ್ತಿದೀವಿ, ನನ್ನ ಹೆಸರೂ ಇದೆ" ಅಂತ ಹೇಳಿ, ಸೀಲು ಬಿದ್ದ ಪ್ರತಿಯನ್ನು ಓದಿ ಹೇಳಿ. ಆಮೇಲೆ ಉಳಿದ ಪೇಪರಿನ ಪರೀಕ್ಷಾ ಶುಲ್ಕಕ್ಕೆ ದುಡ್ಡು ಕೇಳಿ. ಅದರ ಕೊನೆಯ ದಿನಾಂಕ ಯಾವುದು ಅಂತ ಇವತ್ತೇ ಪರೀಕ್ಷಾ ವಿಭಾಗದಲ್ಲಿ ವಿಚಾರಿಸಿ, ದಂಡ ಬಿದ್ದ ಮೇಲೆ ಹೋಗಬೇಡಿ.